ಪಾರವ್ವನನ್ನು ಕೂರಿಸಿದ ಜಗದಾಂಬಾ

ಸಾವಿನ ಮನೆಗೆ ಕಾಲಿಟ್ಟವರೆಲ್ಲ ಅಳುತ್ತಾರೆ, ಇಲ್ಲವೇ ಅಳುವವರ ಪಕ್ಕದಲ್ಲಿ ಮೌನವಾಗಿ ಕೂರುತ್ತಾರೆ, ನಮ್ಮ ಜಗದಾಂಬಾ ಅವರು ಮಾತ್ರ ಹೊಸ್ತಿಲಲ್ಲೇ ನಿಂತು, "ಆಧಾರ್ ಕಾರ್ಡ್ ಎಲ್ಲಿದೆ?" ಎಂದು ಕೇಳುತ್ತಾರೆ. ಅರಿಯದವರು ಎಂಥ ಕಲ್ಲೆದೆಯೆಂದು ಗೊಣಗುವುದುಂಟು. ಮೂವತ್ತೊಂದು ವರ್ಷ ಜನನ-ಮರಣ ನೋಂದಣಿಯ ಕಿಟಕಿಯ ಹಿಂದೆ ಕೂತು ನಿವೃತ್ತರಾದ ಈಕೆಗೆ, ದುಃಖ ಎಲ್ಲಿಗೂ ಓಡಿಹೋಗುವುದಿಲ್ಲ, ಕಾಗದ ಮಾತ್ರ ಕಾಣೆಯಾಗುತ್ತದೆ ಎಂಬುದು ಅನುಭವಸಿದ್ಧ ಸತ್ಯ.

ಬಲಮಂಡಿಯ ನೋವಿನಿಂದಾಗಿ ಮೆಟ್ಟಿಲುಗಳನ್ನು ಅಡ್ಡಡ್ಡವಾಗಿ ಹತ್ತುವ, ಏಪ್ರಿಲ್ಲಿನ ಧಗೆಯಲ್ಲೂ ಕಂದುಬಣ್ಣದ ಸ್ವೆಟರನ್ನು ಬಿಡದ ಗಿಡ್ಡ ದೇಹ ಅವರದು. ಸ್ವೆಟರೇಕೆ ಎಂದು ಒಮ್ಮೆ ಕೆಣಕಿದ್ದೆ. "ಶವಾಗಾರದ ಮುಂದೆ ಎಷ್ಟೊತ್ತು ಕಾಯಿಸ್ತಾರೋ, ನೀವು ಬಂದು ಶಾಲು ಹೊದಿಸ್ತೀರಾ?" ಎಂದರು. ಯಾರು ಏನೇ ಗೋಳು ತೋಡಿಕೊಳ್ಳಲಿ, "ಅದಿರ್ಲಿ, ಮೊದಲು ಇದಾಗ್ಲಿ" ಎನ್ನುವುದು ಅವರ ಮಾತಿನ ಪಲ್ಲವಿ.

ಅನ್ನಪೂರ್ಣೇಶ್ವರಿ ನಗರದ ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಇಬ್ಬರು ಹೆಂಗಸರಿದ್ದರು. ಒಬ್ಬರು ಬಿನ್ನಿಪೇಟೆಯ ಗಿರಣಿ ಕಾರ್ಮಿಕರ ಮಗಳು ಪಟಾಲಮ್ಮ. ಇನ್ನೊಬ್ಬರು ಕೊಟ್ಟೂರಿನ ಕಡೆಯ ಲಿಂಗಾಯತ ವಿಧವೆ ಪಾರವ್ವ. ಪಾರವ್ವ ಬಡಿದ ಜೋಳದ ರೊಟ್ಟಿಯನ್ನು ಪಟಾಲಮ್ಮ ಮನೆಮನೆಗೆ ಮುಟ್ಟಿಸುತ್ತ, ಜಗಳವಾಡುತ್ತ, ಮತ್ತೆ ಒಂದೇ ತಟ್ಟೆಯಲ್ಲಿ ಉಣ್ಣುತ್ತ ಹದಿನೆಂಟು ವರ್ಷ ಕಳೆದಿದ್ದರು. ಪಾರವ್ವನಿಗಿದ್ದದ್ದು ಒಂದೇ ಆಸೆ: ತಮ್ಮವರ ಪದ್ಧತಿಯಂತೆ ಅಂಗೈಯಲ್ಲಿ ಇಷ್ಟಲಿಂಗವಿಟ್ಟುಕೊಂಡು, ಕಾಲು ಮಡಚಿ ಕೂತು ಮಣ್ಣಿಗೆ ಹೋಗಬೇಕು. "ನನ್ನ ಮಲಗಿಸಬ್ಯಾಡವಾ, ಕೂಡ್ರಿಸು," ಎಂದು ಪಟಾಲಮ್ಮನಿಂದ ಮಾತು ತೆಗೆದುಕೊಂಡಿದ್ದಳು.

ಕಳೆದ ಮಾಘದಲ್ಲಿ ಒಂದು ಬೆಳಿಗ್ಗೆ ಆರಕ್ಕೆ ಪಾರವ್ವ ಆಸ್ಪತ್ರೆಯಲ್ಲಿ ತೀರಿಕೊಂಡಳು. ಪಟಾಲಮ್ಮನ ಕರೆಗೆ ನಾನೂ ಜಗದಾಂಬಾ ಅವರೂ ಆಟೋ ಹಿಡಿದು ಹೋದೆವು. ದೇಹವನ್ನು ಪಡೆಯುವ ಅರ್ಜಿಯಲ್ಲಿ "ಮೃತರಿಗೆ ಸಂಬಂಧ" ಎಂಬ ಸಾಲಿನ ಮುಂದೆ ಪಟಾಲಮ್ಮನ ಪೆನ್ನು ನಿಂತುಬಿಟ್ಟಿತ್ತು. ಕೌಂಟರಿನ ಹುಡುಗಿ ಕನಿಕರದಿಂದ, "ತಂಗಿ ಅಂತ ಬರ್ದ್ಬಿಡಿ ಆಂಟಿ, ಯಾರು ಕೇಳ್ತಾರೆ?" ಎಂದಳು. ಪಟಾಲಮ್ಮ ಬರೆಯಹೊರಟರು. ಜಗದಾಂಬಾ ಪೆನ್ನನ್ನೇ ಕಿತ್ತುಕೊಂಡರು.

"ಅವಳ ಮೈದುನನ ಮಗ ಇದಾನೆ. ನಾಳೆ ಅವನು ಬಂದು ಸುಳ್ಳು ಹೇಳಿ ಹೆಣ ತಗೊಂಡ್ರು ಅಂತ ದೂರು ಕೊಟ್ರೆ, ಕೂರ್ಸಿದವಳನ್ನ ಗುಂಡಿಯಿಂದ ಮೇಲೆತ್ತಿಸ್ತಾರೆ. ಬೇಕಾ?"

"ಹಂಗಾದ್ರೆ ನಾನು ಯಾರೂ ಅಲ್ವಾ?" ಎಂದು ಪಟಾಲಮ್ಮ ಕೇಳಿದಾಗ ನನಗೆ ಜಗದಾಂಬಾ ಅವರ ಮೇಲೆ ನಿಜಕ್ಕೂ ಸಿಟ್ಟು ಬಂತು. ಕಾನೂನಿನ ಕಣ್ಣಿಗೆ ಅವರು ಯಾರೂ ಅಲ್ಲ, ಸರಿ. ಅದನ್ನು ಆ ಗಳಿಗೆಯಲ್ಲೇ ಹೇಳಬೇಕಿತ್ತೇ?

ಮೈದುನನ ಮಗ ಕೊಟ್ರೇಶನಿಗೆ ಫೋನು ಹೋಯಿತು. ಹದಿನೆಂಟು ವರ್ಷ ಮುಖ ತೋರಿಸದವನು ಈಗ ಗಡುಸಾಗಿಬಿಟ್ಟ. "ನಾ ಬರೂತನಕ ನಮ್ಮ ದೊಡ್ಡವ್ವನ್ನ ಯಾರ ಕೈಯಾಗೂ ಕೊಡಬ್ಯಾಡ್ರಿ!" ಅವನು ಬರುವುದು ಮಧ್ಯಾಹ್ನವಾಗುತ್ತದೆ. ಅಲ್ಲಿಯವರೆಗೆ ದೇಹವನ್ನು ಶೈತ್ಯಾಗಾರದಲ್ಲಿ ನೀಳವಾಗಿ ಮಲಗಿಸಿದರೆ ಮಂಡಿ ಮರಗಟ್ಟುತ್ತದೆ, ಆಮೇಲೆ ಮಡಚಲಾಗದು.

ಜಗದಾಂಬಾ ಅವರ ದನಿ ಎಂದಿಲ್ಲದಷ್ಟು ಮೆತ್ತಗಾಯಿತು. "ಕೊಡಲ್ಲಪ್ಪ, ಹಕ್ಕು ನಿಮ್ದೇ. ಆದ್ರೆ ಒಂದು ಕೇಳ್ತೀನಿ. ನಮ್ಮಪ್ಪ ಹೋದಾಗ ಅಣ್ಣನ ಸಹಿ ಬರ್ಲಿ, ಎಲ್ಲ ರೂಲ್ಸ್ ಪ್ರಕಾರ ಆಗ್ಲಿ ಅಂತ ನಾನೇ ಹಟ ಹಿಡಿದು ಐಸಿನಲ್ಲಿ ಇಡಿಸ್ದೆ. ಕೂತು ಮಣ್ಣಿಗೆ ಹೋಗ್ಬೇಕಾದವರು ಮಲಗೇ ಹೋದ್ರು. ನಿಮ್ಮ ದೊಡ್ಡವ್ವನಿಗೆ ಹಂಗಾಗ್ಬಾರ್ದು. ಇಲ್ಲೇ, ಆಸ್ಪತ್ರೇಲೇ, ಕೂರ್ಸೋದಕ್ಕೆ ಮಾತ್ರ ಒಪ್ಪಿಗೆ ಬರೆದು, ಆಧಾರ್ ಜೊತೆ ಫೋಟೋ ಕಳ್ಸಿ."

ಅವರ ತಂದೆಯ ಸಂಗತಿ ನಾನು ಕೇಳಿದ್ದು ಅದೇ ಮೊದಲು. ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಕಾಲು ಗಂಟೆಯಲ್ಲಿ ಕೊಟ್ರೇಶನ ವಕ್ರಾಕ್ಷರಗಳ ಪತ್ರ ಮೊಬೈಲಿಗೆ ಬಂತು.

ಆಸ್ಪತ್ರೆಯವರು ಒಂದು ಖಾಲಿ ಕೋಣೆ ಬಿಟ್ಟುಕೊಟ್ಟರು. ಜಗದಾಂಬಾ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಮಂಡಿಗಳಿಗೆ ಒತ್ತಿ ಒತ್ತಿ, ಮಗುವಿನ ಕಾಲು ನೀವಿದಂತೆ ನೀವಿ ಮಡಚಿದರು. ಕೂತ ದೇಹ ಮುಂದಕ್ಕೆ ವಾಲುತ್ತಿತ್ತು. ಪಟಾಲಮ್ಮ ಹಿಂದೆ ಕೂತು ಅದನ್ನು ತಮ್ಮೆದೆಗೆ ಆನಿಸಿಕೊಂಡರು. ಹಾಗೆಯೇ ಐದು ತಾಸು ಕೂತಿದ್ದರು, ನೀರು ಕೂಡ ಮುಟ್ಟದೆ.

ಎರಡು ಗಂಟೆಗೆ ಜಗಳಕ್ಕೆ ಸಿದ್ಧನಾಗಿಯೇ ಬಂದ ಕೊಟ್ರೇಶ ಬಾಗಿಲಲ್ಲಿ ತಡೆದು ನಿಂತ. ಪಟಾಲಮ್ಮನ ಎದೆಗೊರಗಿ ಕೂತ ದೊಡ್ಡವ್ವನನ್ನು ನೋಡಿ, ಚಪ್ಪಲಿ ಬಿಟ್ಟು ಒಳಗೆ ಬಂದು, ತೋರಿಸಿದಲ್ಲೆಲ್ಲ ಸಹಿ ಹಾಕಿದ.

ಸಂಜೆ ಲಿಂಗಾಯತ ರುದ್ರಭೂಮಿಯಲ್ಲಿ ಪಟಾಲಮ್ಮ ತಾವಾಗಿಯೇ ದೂರ ಸರಿದು ಬೇವಿನ ಮರದ ಕೆಳಗೆ ನಿಂತರು. ವಿಧಿ ನಡೆಸುವ ಅಯ್ಯನವರು, "ಮನೆಯವರು ಯಾರು? ಮುಂದೆ ಬನ್ನಿ," ಎಂದು ಕೂಗಿದರು. ಗುಂಡಿಗಿಳಿದಿದ್ದ ಕೊಟ್ರೇಶ ತಲೆಯೆತ್ತಿ ಮರದತ್ತ ನೋಡಿದ.

"ಅವ್ವಾರ, ಬರ್ರಿ. ಬೆನ್ನು ನೀವಽ ಹಿಡೀರಿ. ನಿಮಗ ಗೊತ್ತೈತಿ."

ಪಾರವ್ವ ಕೂತಳು, ನೆಟ್ಟಗೆ.

ಕಾಯಿದೆ ಬಲ್ಲವರು ಈ ಊರಿನಲ್ಲಿ ಬೇಕಾದಷ್ಟಿದ್ದಾರೆ. ಅದನ್ನು ಮುರಿಯಬಲ್ಲ ಧೀರರಿಗೂ ಕೊರತೆಯಿಲ್ಲ. ಜಗದಾಂಬಾ ಅವರಂಥವರು ಇವೆರಡನ್ನೂ ದಾಟಿದವರು. ಒಮ್ಮೆ ತಮ್ಮ ಕೈಯಾರೆ ಆದ ತಪ್ಪನ್ನು ಹೊತ್ತುಕೊಂಡೇ ಬೇರೆಯವರ ಬಾಗಿಲಿಗೆ ಹೋಗುತ್ತಾರೆ, ಹಕ್ಕುಳ್ಳವನ ಹಕ್ಕನ್ನು ಒಪ್ಪುತ್ತಾರೆ, ಮತ್ತು ಆ ಹಕ್ಕಿನ ಪಕ್ಕದಲ್ಲೇ ಪ್ರೀತಿಗೂ ಒಂದಿಷ್ಟು ಜಾಗ ಕೇಳಿ ಪಡೆಯುತ್ತಾರೆ. ನನ್ನ ಕೊನೆಯ ದಿನ ಹೊಸ್ತಿಲಲ್ಲಿ ಯಾರು ನಿಂತಿರಬೇಕೆಂದು ಕೇಳಿದರೆ, ಅಳುವವರಿಗಿಂತ ಮೊದಲು ಇಂಥವರೊಬ್ಬರು ಬಂದಿರಲಿ ಎನ್ನುತ್ತೇನೆ.