ತಲೆಯ ಮೇಲಿನ ಕೆಂಪು ಶಿಲುಬೆ

"ಬಾಗಿಲಿಗೆ ತಾಗಿಸ್ಬೇಡ್ರೋ! ಮೆಲ್ಲಗೆ, ಮೆಲ್ಲಗೆ!"

ಚಿತ್ರಕಾರ ಕೂಗುತ್ತಿದ್ದ ಹಾಗೇ ಅವನ ಆಳುಗಳು, ಸತ್ತವರ ನೆನಪಿಗೆ ಚರ್ಚಿನಲ್ಲಿಡುವ ದೊಡ್ಡ ಮರದ ಚಿತ್ರಫಲಕವನ್ನು ಒಳಗೆ ತಂದು ಚರ್ಚಿನ ಕಂಬಕ್ಕೆ ಒರಗಿಸಿದರು. ಪಕ್ಕದಲ್ಲೇ ತೆರೆದ ಶವಪೆಟ್ಟಿಗೆ. ನಿನ್ನೆ ತೀರಿಕೊಂಡ ಮಗಳು ಅಪೊಲೋನಿಯಾಳ ಕೊರಳ ಸುತ್ತಲಿನ ತುಪ್ಪಳದ ಪಟ್ಟಿಯನ್ನು ಕಿಲಿಯಾನ್ ಹೆಬ್ಬೆರಳಿನಿಂದ ನೇವರಿಸುತ್ತಿದ್ದ. ಮಾರ್ಟೆನ್ ಎಂಬ ಕಾಡುಪ್ರಾಣಿಯ ಕಂದು ತುಪ್ಪಳ, ಅವನದೇ ಹೊಲಿಗೆ.

"ಸಾಕು ಬಿಡಣ್ಣ," ಎಂದಳು ತಂಗಿ ವಾಲ್ಬುರ್ಗಾ. "ಸತ್ತ ಮಗಳ ಹತ್ರಾನೂ ಮಾಲು ಪರೀಕ್ಷೆ ಮಾಡ್ತಿದೀಯ."

"ಕೂದ್ಲು ಒಂದೇ ಕಡೆ ಕೂರ್ಬೇಕು. ಅಳಿಯಂದ್ರ ಮನೆಯೋರು ನೋಡ್ತಾರೆ."

"ನೋಡ್ಲಿ. ನಮ್ಮನ್ನ ಕೊನೇ ಬೆಂಚಿಗೆ ಕಳ್ಸಿದಾರಲ್ಲ, ಅದನ್ನ ನೀನು ನೋಡ್ದ್ಯಾ?"

*

ನ್ಯೂರೆಂಬರ್ಗಿನಲ್ಲಿ ಆ ತುಪ್ಪಳ ಹೊಲಿಯುವವರು ಅದನ್ನು ತೊಡುವಂತಿರಲಿಲ್ಲ. ಪುರಭವನದ ನೃತ್ಯಕ್ಕೆ ಕರೆ ಬರುವ ಮನೆತನಗಳಿಗೆ ಮಾತ್ರ ಅದು. ಹೊಲಿದವರಿಗೆ ಕುರಿಮರಿಯದೇ ಗತಿ. ಅಂಥದೊಂದು ಮನೆತನದ ಸೆಬಾಲ್ಡ್, ಕೈ ಬರಿದಾಗಿ ತನ್ನ ಮನೆಯ ಮಾಡು ಸೋರುತ್ತಿದ್ದ ಕಾಲದಲ್ಲಿ, ಅಪೊಲೋನಿಯಾಳನ್ನು ಕೇಳಿದ್ದ. ಕಿಲಿಯಾನ್ ತನ್ನ ತುಪ್ಪಳದ ಅಂಗಡಿ ಮಾರಿ, ವರದಕ್ಷಿಣೆ ಕೊಟ್ಟು ಮದುವೆ ಮಾಡಿದ. ಮದುವೆಯ ಬೆಳಿಗ್ಗೆ ಪಟ್ಟಿ ಕಟ್ಟುವಾಗ ಮಗಳು ಕತ್ತು ಕೊಂಕಿಸಿದ್ದಳು.

"ಅಪ್ಪಾ, ಚುಚ್ಚುತ್ತೆ."

"ಅಭ್ಯಾಸ ಆಗುತ್ತೆ ಪುಟ್ಟಿ."

ಹೋದ ಸುಗ್ಗಿಯಲ್ಲಿ ಅವಳು ಕೆಮ್ಮು ಹತ್ತಿ ಮಲಗಿದಳು. ಭಾನುವಾರ ನೋಡಲು ಹೋದಾಗಲೆಲ್ಲ ಸೆಬಾಲ್ಡ್ ಅವಳ ಕೈ ಹಿಡಿದು ಕೂತಿರುತ್ತಿದ್ದ. "ಹೆದರ್ಬೇಡಿ ಮಾವ. ಈಸ್ಟರ್ ಹೊತ್ತಿಗೆ ಪುರಭವನದಲ್ಲಿ ಕುಣೀತಾಳೆ. ನೀವೂ ಬರ್ತೀರಿ."

*

ಫಲಕದಲ್ಲಿ ಸೆಬಾಲ್ಡ್ ಮಂಡಿಯೂರಿದ್ದ. ಎದುರಿಗೆ ಅಪೊಲೋನಿಯಾ. ತೀರಿಕೊಂಡವರಿಗೆ ಬರೆಯುವ ಪುಟ್ಟ ಕೆಂಪು ಶಿಲುಬೆ ಅವಳ ತಲೆಯ ಮೇಲಿತ್ತು. ಅವಳ ಹಿಂದೆ ಇನ್ನೊಬ್ಬ ಹೆಂಗಸು ಮಂಡಿಯೂರಿದ್ದಳು. ಮುಖ ಬರೆದಿರಲಿಲ್ಲ. ಮನೆತನದ ಲಾಂಛನ ಮಾತ್ರ ಬರೆದಾಗಿತ್ತು: ಬಿಳಿ ಹಂಸ.

"ಹಂಸ ಆ ನಗರಸಭೆ ಹಿರೀಕರ ಮನೇದಲ್ವಾ?" ವಾಲ್ಬುರ್ಗಾಳ ದನಿ ಇಳಿಯಿತು. "ಅವ್ರಿಗೆ ಮದ್ವೆಗಿರೋ ಮಗಳಿದಾಳೆ."

ಕಿಲಿಯಾನ್ ಹಂಸದ ಮೇಲೆ ಬೆರಳಿಟ್ಟ.

"ಮುಟ್ಬೇಡಿ ಯಜಮಾನ್ರೇ!" ಚಿತ್ರಕಾರ ಓಡಿ ಬಂದ. "ಬರ್ದು ವಾರ ಆಯ್ತು, ಇನ್ನೂ ಹಸಿ."

ಬೆರಳು ಬೆಳ್ಳಗಾಗಿತ್ತು. ಕಿಲಿಯಾನ್ ಇನ್ನೊಂದು ಕೈಯಿಂದ ಶಿಲುಬೆಯನ್ನು ಮುಟ್ಟಿದ. ಉಗುರಿನಿಂದ ಗೀರಿದ. ಒಣಗಿ ಗಟ್ಟಿಯಾಗಿದ್ದ ಬಣ್ಣ ಏಳಲಿಲ್ಲ.

"ಇದನ್ನ ಯಾವಾಗ ಬರ್ದೆ?"

ಚಿತ್ರಕಾರ, ಅಷ್ಟರಲ್ಲಿ ಹತ್ತಿರ ಬಂದಿದ್ದ ಸೆಬಾಲ್ಡನ ಮುಖ ನೋಡಿದ.

"ವೈದ್ಯರು ಆಗ್ಲೇ ಕೈಬಿಟ್ಟಿದ್ರು ಮಾವ," ಎಂದ ಸೆಬಾಲ್ಡ್, ಸುತ್ತ ನಿಂತವರಿಗೆ ಕೇಳಿಸದ ಹಾಗೆ. "ಈ ಚಿತ್ರ ಬರೆಯೋರಿಗೆಲ್ಲ ಮುಂಚೆನೇ ಹೇಳಿಡ್ಬೇಕಾಗುತ್ತೆ."

"ನಂಗೆ ಈಸ್ಟರ್ ಅಂದಿದ್ರಲ್ಲ ಅಳಿಯಂದ್ರೇ."

ಚರ್ಚಿನ ಗಂಟೆ ಮೊಳಗಿತು. ಬಡಗಿ ಮುಚ್ಚಳ ಎತ್ತಿಕೊಂಡು ಬಂದ.

"ತಡಿ," ಎಂದ ಕಿಲಿಯಾನ್.

ಮಗಳ ಕೊರಳಿನ ಪಟ್ಟಿಯ ಕೊಕ್ಕೆಗಳನ್ನು ಒಂದೊಂದಾಗಿ ಬಿಚ್ಚಿದ. ತನ್ನ ಕತ್ತಿನ ಕುರಿಮರಿ ತುಪ್ಪಳವನ್ನು ತೆಗೆದು, ಅದರಲ್ಲಿದ್ದ ತನ್ನ ಮೈಬಿಸಿ ಆರುವ ಮೊದಲೇ ಅವಳಿಗೆ ಸುತ್ತಿದ. ಕೂದಲನ್ನು ಒಂದೇ ಕಡೆಗೆ ನೇವರಿಸಿ ಕೂರಿಸಿದ. ಮಾರ್ಟೆನ್ ಪಟ್ಟಿಯನ್ನು ಫಲಕದ ಬುಡದಲ್ಲಿ, ಮುಖವಿಲ್ಲದ ಹೆಂಗಸಿನ ಮುಂದೆ ಇಟ್ಟ. ಅದರ ಕಂದು ಕೂದಲಿಗೆ ಹಂಸದ ಬಿಳಿ ಬಣ್ಣ ಮೆತ್ತಿಕೊಂಡಿತ್ತು.