ಒಂಬತ್ತೂವರೆಯ ನಂತರದ ಕೂಗು

ಹೆದ್ದಾರಿ ಪಕ್ಕದ ನಮ್ಮ ಮೋಟೆಲಿನಲ್ಲಿ ಬೆಳಗಿನ ತಿಂಡಿಯ ಕೋಣೆ ನನ್ನ ಪಾಲಿನದು. ಐದೂವರೆಗೆ ಕಾಫಿ ಇಳಿಸಿ, ಕರೆಂಟಿನ ಪಾತ್ರೆಯಲ್ಲಿ ಮೊಟ್ಟೆ ಬೇಯಿಸಿಟ್ಟು, ವಾಫಲ್ ಮಷೀನನ್ನು ಕಾಯಲು ಹಾಕಿದರೆ ಆರಕ್ಕೆಲ್ಲ ಲಾರಿಯವರು ಬರಲು ಶುರು. ಮಷೀನಿನ ಕೆಲಸ ಸುಲಭ. ಹಿಟ್ಟು ಸುರಿದು, ಮುಚ್ಚಳ ಹಾಕಿ, ಹಿಡಿಯಿಂದ ಒಮ್ಮೆ ಮಗುಚಿಟ್ಟರೆ ಎರಡೂವರೆ ನಿಮಿಷಕ್ಕೆ ಅದೇ ಮೂರು ಸಲ ಕೂಗುತ್ತದೆ. ನಡುವೆ ಮುಚ್ಚಳ ತೆಗೆದರೆ ಕೂಗುವುದಿಲ್ಲ. ಒಂಬತ್ತೂವರೆಗೆ ಹಿಟ್ಟಿನ ಪಾತ್ರೆ ಒಳಗಿಡುತ್ತೇನೆ. ಅದಾದ ಮೇಲೆ ಮಷೀನು ಕೂಗಿದರೆ ಅದು ಮಾರ್ನಿಗೆ.

ಮಾರ್ನಿಗೆ ಎಂಟು ವರ್ಷ. ಜನವರಿಯ ಕೊನೆಯಲ್ಲಿ ತಾಯಿ ಕೊರಿನ್ ಜೊತೆ ಒಂದೇ ಚೀಲ ಹಿಡಿದು ಬಂದಳು. ಕೊರಿನ್‌ಳ ದವಡೆಯ ಪೆಟ್ಟು ಆಗ ಹಳದಿಗೆ ತಿರುಗಿತ್ತು. ನಮ್ಮ ಮಾಲೀಕರು ಹೆಚ್ಚು ಕೇಳಲಿಲ್ಲ. ನೂರಾನಾಲ್ಕನೇ ಕೋಣೆಯನ್ನು ನನ್ನ ಹೆಸರಿನಲ್ಲಿ ಬರೆದುಕೊಂಡು, ಅವಳಿಗೆ ಹಿಂದಿನ ಕಟ್ಟಡದಲ್ಲಿ ಬಟ್ಟೆ ಒಗೆಯುವ ಕೆಲಸ ಕೊಟ್ಟರು. ಕೊರಿನ್ ನನ್ನಿಂದ ಬೇಡಿದ್ದು ಒಂದೇ: ಗಂಡ ಹುಡುಕಿಕೊಂಡು ಬಂದೇ ಬರುತ್ತಾನೆ, ಯಾರು ವಿಚಾರಿಸಿದರೂ ನಾವಿಬ್ಬರು ಇಲ್ಲಿಲ್ಲ ಅನ್ನಿ. ಅವನ ಫೋಟೊ ಅವಳ ಹತ್ತಿರ ಇರಲಿಲ್ಲ. ಶಾಲೆಗೆ ಸೇರಿಸಿದರೆ ಹೆಸರು ಕೊಡಬೇಕೆಂದು ಮಗುವನ್ನು ಕೋಣೆಯಲ್ಲೇ ಇರಿಸಿದ್ದಳು. ತಾಯಿ ಕೆಲಸದಲ್ಲಿರುವಾಗ ಮಾರ್ನಿ ಬಾಗಿಲಿಗೆ ಸರಪಳಿ ಹಾಕಿಕೊಂಡು ಕೂರುತ್ತಿದ್ದಳು. ತೆಗೆಯುತ್ತಿದ್ದದ್ದು ಒಂಬತ್ತೂವರೆಯ ನಂತರ ನನ್ನ ಮಷೀನು ಕೂಗಿದಾಗ ಮಾತ್ರ. ನಾನೇ ಮಾಡಿದ ಏರ್ಪಾಡು ಅದು.

ಅಷ್ಟರಲ್ಲಿ ತಪಸ್ಸುಕಾಲ ಬಂತು. ಈಸ್ಟರ್ ಬರುವವರೆಗೆ ನಮ್ಮ ಕಡೆ ಶುಕ್ರವಾರ ಯಾರೂ ಮಾಂಸ ಮುಟ್ಟುವುದಿಲ್ಲ. ಅಂದು ಸಾಸೇಜಿನ ತಟ್ಟೆಯ ಜಾಗದಲ್ಲಿ ಚೀಸ್ ಸ್ಯಾಂಡ್‌ವಿಚ್ ಇಡುತ್ತೇನೆ. ಒಲೆ ಇಲ್ಲ, ವಾಫಲ್ ಮಷೀನಿನಲ್ಲೇ ಒತ್ತಬೇಕು. ಮೊದಲ ಶುಕ್ರವಾರ ನಾನು ಒತ್ತಿದ್ದು ಕರಕಲಾಯಿತು. ಮಾರ್ನಿ ಕುರ್ಚಿ ಹತ್ತಿ ನಿಂತು ನೋಡಿದಳು.

"ಬೆಣ್ಣೆ ಹಚ್ಚಿದ್ರೆ ಸುಟ್ಟೋಗತ್ತೆ ಅರ್ಡಿಸ್ ಅಜ್ಜಿ, ಬ್ರೆಡ್ಡಿನ ಹೊರಗೆ ಮೇಯನೇಸ್ ಹಚ್ಚಿ. ಇಷ್ಟು ವಯಸ್ಸಾಗಿದೆ, ಇದೂ ಗೊತ್ತಿಲ್ವಾ?"

ಒಳಗೆ ಎರಡು ಪದರ ಚೀಸ್. ನಡುವೆ ಉಪ್ಪುನೀರಿನಲ್ಲಿ ನೆನೆಸಿದ ಸೌತೆಕಾಯಿಯ ಬಿಲ್ಲೆ ನಾಲ್ಕು, ಮೂಲೆಗೊಂದರಂತೆ. ಮುರಿದರೆ ಪ್ರತಿ ತುಂಡಿಗೂ ಒಂದು ಸಿಗಬೇಕು. ಅವಳ ಅಮ್ಮ ಮನೆಯಲ್ಲಿ ಹೀಗೇ ಮಾಡುತ್ತಿದ್ದಳಂತೆ. ನಾನು ಕಲಿತೆ. ಮುಂದಿನ ಶುಕ್ರವಾರದಿಂದ ಎಲ್ಲರಿಗೂ ಹಾಗೆಯೇ ಮಾಡಿದೆ. ಲಾರಿಯವರು ಹೊಗಳಿದರು, ನಾನು ಉಬ್ಬಿದೆ.

ಮೂರನೇ ಶುಕ್ರವಾರ ಹಿಮ ಬಿಡದೆ ಸುರಿಯುತ್ತಿತ್ತು. ಮಾಲೀಕರು ಪೇಟೆಗೆ ಹೋಗಿದ್ದರು. ಒಂಬತ್ತು ದಾಟಿದ ಮೇಲೆ ಒಬ್ಬ ಒಳಗೆ ಬಂದ. ನಲವತ್ತರ ಆಸುಪಾಸು, ನೀಟಾಗಿ ಬಾಚಿದ ತಲೆ. ಬೂಟುಗಳನ್ನು ಚಾಪೆಯ ಮೇಲೆ ಒಂದೊಂದಾಗಿ, ಬಹಳ ಹೊತ್ತು ಒರೆಸಿದ. ಒಂದು ಲೋಟ ಕಾಫಿ ಸಿಗಬಹುದೇ ಎಂದು ಕೇಳಿದ. ಹಿಮದಲ್ಲಿ ಬಂದವರ ಕೋಣೆಯ ನಂಬರು ಕೇಳುವ ಪದ್ಧತಿ ನಮ್ಮೂರಲ್ಲಿಲ್ಲ. ಕಾಫಿ ಕೊಟ್ಟೆ.

"ಸಾಸೇಜ್ ಕಾಣ್ತಿಲ್ಲ. ಪಾದ್ರಿಗಳು ತಿಂದುಬಿಟ್ರಾ ಅಮ್ಮ?"

"ನಿಮ್ಮ ಪಾಪ ಒಂದಿಷ್ಟು ಇಳೀಲಿ ಅಂತ ನಾನೇ ಮುಚ್ಚಿಟ್ಟಿದೀನಿ."

ಅವನು ನಕ್ಕ. ಒಳ್ಳೆಯ ನಗು. ಹಾಗೆ ನಕ್ಕವನಿಗೆ ಬರೀ ಕಾಫಿ ಕೊಡುವುದೇ ಎಂದು ತಟ್ಟೆಯಲ್ಲಿ ಉಳಿದಿದ್ದ ಕೊನೆಯ ಸ್ಯಾಂಡ್‌ವಿಚ್ಚನ್ನೂ ಮುಂದಿಟ್ಟು, ಹಿಟ್ಟಿನ ಪಾತ್ರೆ ತೊಳೆಯಲು ಒಳಗೆ ಹೋದೆ.

ಹೊರಗೆ ಬಂದಾಗ ಒಂಬತ್ತೂವರೆ ಆಗಿತ್ತು. ಅವನು ತಿಂದಿರಲಿಲ್ಲ. ಎರಡು ಬ್ರೆಡ್ಡನ್ನೂ ಬಿಡಿಸಿ, ನಾಲ್ಕು ಬಿಲ್ಲೆಗಳನ್ನು ಬೆರಳ ತುದಿಯಿಂದ ತೆಗೆದು ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟಿದ್ದ. ಬ್ರೆಡ್ಡಿನ ಹೊರಮೈ ಮೂಸಿ ನೋಡಿದ.

"ಇದನ್ನ ನಿಮಗೆ ಯಾರು ಹೇಳಿಕೊಟ್ರು?"

ನಮ್ಮ ತಾಯಿ ಎಂದೆ. ಅವನು ತಲೆಯಾಡಿಸಿದ, ನಂಬಿದವನಂತೆಯೇ. ತನ್ನ ಮನೆಯಲ್ಲೂ ಇಂಥದೊಂದು ಮಷೀನು ಇದೆ, ತಾನೇ ಕೊಂಡು ತಂದದ್ದು ಎಂದು ನಿಧಾನವಾಗಿ ಹೇಳಿದ. ಮಗಳಿಗೆ ಅದರ ಕೂಗು ಕೇಳಿದರೆ ಸಾಕಂತೆ, ಎಲ್ಲಿದ್ದರೂ ಓಡಿ ಬರುತ್ತಿದ್ದಳಂತೆ. ಆಮೇಲೆ, ಇನ್ನೊಂದು ಸ್ಯಾಂಡ್‌ವಿಚ್ ಮಾಡಿಕೊಡಿ ಎಂದ.

ತಿಂಡಿಯ ಹೊತ್ತು ಮುಗಿಯಿತು ಎಂದೆ. ಹಾಗಾದರೆ ತಾನೇ ಮಾಡಿಕೊಳ್ಳುತ್ತೇನೆ ಎಂದು ಕುರ್ಚಿ ಹಿಂದೆ ಸರಿಸಿದ. ಬೇಡ ಬೇಡ, ಕೂತಿರಿ ಎಂದೆ. ಕಚೇರಿಯ ಫೋನು ಅವನ ಬೆನ್ನ ಹಿಂದಿತ್ತು. ಕೊರಿನ್ ಒಗೆಯುವ ಯಂತ್ರಗಳ ಸದ್ದಿನ ನಡುವೆ ಇದ್ದಳು, ಕೂಗಿ ಕರೆದರೂ ಕೇಳುತ್ತಿರಲಿಲ್ಲ.

ಬ್ರೆಡ್ಡಿಗೆ ಬೆಣ್ಣೆ ಹಚ್ಚಿದೆ. ಬಿಲ್ಲೆ ಇಡಲಿಲ್ಲ. ಮುಚ್ಚಳ ಒತ್ತಿ ಮಗುಚಿ, ಮನಸ್ಸಿನಲ್ಲೇ ಎಣಿಸುತ್ತ ನಿಂತೆ. ನೂರಕ್ಕೆ, ಕೂಗುವ ಮೊದಲೇ ಮುಚ್ಚಳ ಎತ್ತಿದೆ. ಚೀಸ್ ಅರ್ಧ ಕರಗಿತ್ತು, ಬ್ರೆಡ್ಡು ಬಿಳಿಚಿಕೊಂಡಿತ್ತು. ಹಾಗೆಯೇ ತಂದು ಮುಂದಿಟ್ಟೆ.

ಅವನು ಸ್ಯಾಂಡ್‌ವಿಚ್ ನೋಡಲಿಲ್ಲ, ನನ್ನ ಮುಖ ನೋಡಿದ.

"ಕೂಗಲೇ ಇಲ್ವಲ್ಲಮ್ಮ."

ಎದ್ದು, ತಟ್ಟೆ ಹಿಡಿದು ಮಷೀನಿನ ಹತ್ತಿರ ಹೋದ. ಬಿಳಿಚಿದ ಸ್ಯಾಂಡ್‌ವಿಚ್ಚನ್ನು ಮತ್ತೆ ಒಳಗಿಟ್ಟು ಮುಚ್ಚಿದ. ಮಗುಚಿದ. ಹಿಡಿಯ ಮೇಲಿಂದ ಕೈ ತೆಗೆಯಲಿಲ್ಲ. ಪ್ಲಗ್ಗು ಅವನ ಮೊಣಕೈಯ ಹಿಂದಿತ್ತು.

ಎರಡೂವರೆ ನಿಮಿಷ.

ಟವೆಲ್ ತರಬೇಕು ಎಂದು ಹೇಳಿ ಕೋಣೆಗಳ ಸಾಲಿನ ಓಣಿಗೆ ನಡೆದೆ. ಅವನು ತಡೆಯಲಿಲ್ಲ. ಮಷೀನಿನ ಹತ್ತಿರ ನಿಂತೇ, ಓಣಿ ಪೂರ್ತಿ ಕಾಣುವಂತೆ ಸ್ವಲ್ಪ ತಿರುಗಿಕೊಂಡ. ನೂರಾನಾಲ್ಕು ಎಡಗಡೆಯ ಎರಡನೇ ಬಾಗಿಲು. ಒಂದು ಸಲ ಕುಟ್ಟಿದರೆ ಸಾಕು, ತೆಗೆಯಬೇಡ ಮಗೂ ಎಂದರೆ ಸಾಕು. ಆದರೆ ಕುಟ್ಟಿದರೆ ನಾನೇ ಅವನಿಗೆ ಬಾಗಿಲು ತೋರಿಸಿದಂತೆ. ಹನ್ನೆರಡು ಬಾಗಿಲುಗಳಿದ್ದವು. ಯಾವುದೆಂದು ಅವನಿಗೆ ಇನ್ನೂ ಗೊತ್ತಿರಲಿಲ್ಲ. ಮಗು ನಿದ್ದೆ ಹೋಗಿರಲಿ, ಸ್ನಾನಕ್ಕೆ ಇಳಿದಿರಲಿ, ಟೀವಿ ಜೋರಾಗಿ ಹಾಕಿಕೊಂಡಿರಲಿ ಎಂದು ಬೇಡಿಕೊಂಡೆ. ಬಾಗಿಲ ಮುಂದೆ ಹೆಜ್ಜೆ ನಿಧಾನ ಮಾಡಲಿಲ್ಲ, ಕಣ್ಣೂ ಹೊರಳಿಸಲಿಲ್ಲ. ಒಳಗೆ ಟೀವಿಯ ಸದ್ದಿರಲಿಲ್ಲ. ದಾಟಿ ಹೋದೆ. ಓಣಿಯ ಕೊನೆಯ ಟವೆಲ್ ಬೀರು ತೆರೆದು, ಮಡಿಸಿಟ್ಟ ಟವೆಲೊಂದನ್ನು ಎದೆಗವಚಿಕೊಂಡು ನಿಂತೆ.

ಮಷೀನು ಕೂಗಿತು. ಒಂದು, ಎರಡು, ಮೂರು.

ಯಾವ ಬಾಗಿಲೂ ತೆರೆಯಲಿಲ್ಲ. ನಾನು ಉಸಿರು ಬಿಟ್ಟೆ.

ಆಗ ನನ್ನ ಹಿಂದೆ ಸರಪಳಿ ಜಾರಿದ ಸದ್ದು ಕೇಳಿಸಿತು. ತಿರುಗಿ ನೋಡಿದೆ. ಎಡಗಾಲಿನ ಕಾಲುಚೀಲ ಇನ್ನೂ ಕೈಯಲ್ಲಿ ಹಿಡಿದುಕೊಂಡೇ ಮಾರ್ನಿ ಹೊರಗೆ ಬಂದಿದ್ದಳು. ನನ್ನ ಕಡೆ ಮುಖ ಮಾಡಿ, ಓಣಿಯ ಇನ್ನೊಂದು ತುದಿಗೆ ಬೆನ್ನು ಹಾಕಿ ನಿಂತಿದ್ದಳು.

"ಅರೆ, ನೀವು ಇಲ್ಲಿದೀರಲ್ಲ ಅಜ್ಜಿ," ಎಂದಳು. "ಮತ್ತೆ ಅಲ್ಲಿ ಮಾಡ್ತಿರೋದು ಯಾರು?"