ಮಂಡಿಯ ಲಘುಕೋನ

ಮಂಡಿಯ ಆಪರೇಷನ್ ಆದಾಗಿನಿಂದ ಲೆಕ್ಕದ ಟೀಚರಮ್ಮನಿಗೆ ಒಂದೇ ಹಟ: ಗಿಡ್ಡ ಸ್ಟೂಲು ಹಾಕಿಕೊಂಡು ಅಕ್ಕನ ಪಕ್ಕ ಕೂರಬೇಕು. ಅಕ್ಕ ಹಾಸಿಗೆ ಹಿಡಿದವಳು. ಮಂಚದಿಂದ ಒಮ್ಮೆ ಉರುಳಿದ ಮೇಲೆ ಹಾಸಿಗೆಯನ್ನು ನೆಲಕ್ಕೇ ಇಳಿಸಿದ್ದರು. ದನಿಯೂ ಉಡುಗಿ ಪಿಸುಮಾತಾಗಿತ್ತು. ಕುರ್ಚಿಯ ಎತ್ತರಕ್ಕೆ ಅದು ಏರುತ್ತಿರಲಿಲ್ಲ. ಮಂಡಿಗೆ ವ್ಯಾಯಾಮ ಮಾಡಿಸಲು ಬರುವ ಫಿಸಿಯೋ ಹುಡುಗಿ ಬಗ್ಗಿ ಕೇಳಿಸಿಕೊಂಡು ಹೇಳುತ್ತಿದ್ದಳು, ನಿಜ. ಆದರೆ ಬೇರೆಯವರ ಬಾಯಿ ಹಾದು ಬಂದ ಅಕ್ಕನ ತಮಾಷೆ ಆರಿದ ಚಹಾದಂತೆ.

ಕುರ್ಚಿಗಾದರೆ ಮಂಡಿ ಲಂಬಕೋನಕ್ಕೆ ಮಡಿಚಿದರೆ ಸಾಕು. ಅದೂ ಆಗದೆ ಟೀಚರಮ್ಮ ಕಾಲು ಚಾಚಿಯೇ ಕೂರುತ್ತಿದ್ದಳು. ಗಿಡ್ಡ ಸ್ಟೂಲಿಗೆ ಅದಕ್ಕಿಂತ ಕಿರಿದಾದ ಲಘುಕೋನವೇ ಬೇಕು, ಎಪ್ಪತ್ತು ಡಿಗ್ರಿಯಾದರೂ.

ಆ ಬೆಳಿಗ್ಗೆ ಹಲ್ಲು ಕಚ್ಚಿ ಮಡಿಚಿ, ಶಾಲೆಯ ಹಳೇ ಮರದ ಕೋನಮಾಪಕ ಹಿಡಿದು ನೋಡಿದಳು. ಎಪ್ಪತ್ತು! ಹುಡುಗಿ ಬೇಡವೆಂದರೂ ಕೇಳದೆ ಸ್ಟೂಲು ಎಳೆಸಿದಳು. ಕೂರಲು ಹೋದರೆ ಅರ್ಧಕ್ಕೇ ಮಂಡಿ ಕಚ್ಚಿಕೊಂಡಿತು. ಹುಡುಗಿ ಕಂಕುಳಿಗೆ ಕೈಕೊಟ್ಟು ಮತ್ತೆ ಕುರ್ಚಿಗೇ ಕೂರಿಸಿದಳು.

ಅಕ್ಕನ ತುಟಿ ಅಲ್ಲಾಡಿತು. ಬಗ್ಗಿ ಕೇಳಿದ ಹುಡುಗಿ ನಗು ನುಂಗಿಕೊಂಡು ಹೇಳಿದಳು: "ಒಳಗಿನ ಅಂಕಿ ಓದಿದ್ಯೋ, ಹೊರಗಿಂದೋ ಅಂತ ಕೇಳ್ತಿದಾರೆ."

ಟೀಚರಮ್ಮ ಕೋನಮಾಪಕ ನೋಡಿದಳು. ಒಂದೇ ಗೆರೆಗೆ ಎರಡು ಅಂಕಿ: ಈ ಕಡೆಯಿಂದ ಎಣಿಸುವ ಒಳಸಾಲಿನಲ್ಲಿ ಎಪ್ಪತ್ತು, ಆ ಕಡೆಯಿಂದ ಎಣಿಸುವ ಹೊರಸಾಲಿನಲ್ಲಿ ನೂರಹತ್ತು. ಕೋನ ಅಗಲವೋ ಕಿರಿದೋ ಮೊದಲು ಕಣ್ಣಲ್ಲಿ ನೋಡಿ, ಆಮೇಲೆ ಅಂಕಿ ಮುಟ್ಟಿ ಎಂದು ಮನೆಪಾಠದ ಮಕ್ಕಳಿಗೆ ಬಾಯಿ ನೋಯುವಷ್ಟು ಹೇಳಿದವಳು. ಒಳಮನೆಯಿಂದ ಕೇಳಿ ಕೇಳಿ ಅಕ್ಕನಿಗೆ ಅದು ಕಂಠಪಾಠವಾಗಿತ್ತು. ಇವತ್ತು ಆಸೆ ಕಣ್ಣು ಕಟ್ಟಿ, ನೂರಹತ್ತನ್ನು ಎಪ್ಪತ್ತೆಂದು ಓದಿಸಿತ್ತು.

"ನನ್ನ ಕೈಲಾಗಲ್ಲ ಬಿಡಕ್ಕ," ಎಂದು ಸೆರಗಲ್ಲಿ ಕಣ್ಣೊರೆಸಿಕೊಂಡಳು.

ಮತ್ತೆ ಪಿಸುಮಾತು. ಹುಡುಗಿ ಈ ಸಲ ನಗಲಿಲ್ಲ. "ಪೂರ್ತಿ ನೀನೇ ಯಾಕೆ ಬಗ್ಬೇಕು, ನಾನೂ ಒಂದಿಷ್ಟು ಏಳ್ತೀನಿ ಅಂತಿದಾರೆ."

ಬೆನ್ನುನೋವಿಗೆ ಹೆದರಿ ಯಾರನ್ನೂ ಎಬ್ಬಿಸಗೊಡದ ಅಕ್ಕ! ಹುಡುಗಿ ಒಂದೊಂದೇ ದಿಂಬು ಬೆನ್ನಿಗೆ ತಳ್ಳುತ್ತಾ ಹೋದಳು. ನೆಲಕ್ಕೂ ಬೆನ್ನಿಗೂ ನಡುವೆ ಕೋನ ಹುಟ್ಟಿತು. ಮೂವತ್ತರ ಹತ್ತಿರ ಅಕ್ಕ ಮುಖ ಹಿಂಡಿದಳು, ಸಾಕು ಎನ್ನಲಿಲ್ಲ. ಇನ್ನೊಂದು ದಿಂಬು. ಇತ್ತ ಟೀಚರಮ್ಮ ಕಾಲು ಚಾಚಿಕೊಂಡೇ ಕುರ್ಚಿಯಿಂದ ಸೊಂಟ ಬಗ್ಗಿಸಿದಳು, ಅಕ್ಕನ ಬಿಸಿಯುಸಿರು ಕಿವಿಗೆ ತಾಗುವವರೆಗೆ.

"ಹೇಳಕ್ಕ."

"ಏನಿಲ್ಲ ಕಣೇ," ಎಂದಳು ಅಕ್ಕ. "ನಿನ್ನ ಕಿವಿ ತುಂಬಾ ಕೊಳೆ."

ಟೀಚರಮ್ಮ ಅಕ್ಕನ ಬಾಯಿಂದ ಕಿವಿ ಸರಿಸಲಿಲ್ಲ.